ಹಿಪ್-ಹಾಪ್ ಗೋಷ್ಠಿಯೂ ಮಧ್ಯಮ ನಾಟ್ಯಮಂಟಪವೂ

ಭರತಮುನಿಯು ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯದಲ್ಲಿ ಪ್ರೇಕ್ಷಾಗೃಹದ ಲಕ್ಷಣವನ್ನು ಹೇಳುತ್ತ ಜ್ಯೇಷ್ಠ, ಮಧ್ಯಮ, ಅವರ ಎಂದು ಮೂರು ಪ್ರಮಾಣಗಳನ್ನೂ ಅವುಗಳಿಗೆ ಕ್ರಮವಾಗಿ 108, 64, 32 ಹಸ್ತಗಳ ಅಳತೆಯನ್ನೂ ನಿರ್ದೇಶಿಸಿ, ಮನುಷ್ಯರಿಗೆ 64 ಹಸ್ತ ಉದ್ದವೂ 32 ಹಸ್ತ ಅಗಲವೂ ಉಳ್ಳ ಮಂಟಪವೇ ಯುಕ್ತವೆಂದು ವಿಧಿಸಿರುವನು. ಹಸ್ತವೆಂದರೆ ಸುಮಾರು ಒಂದೂವರೆ ಅಡಿ. ಆದುದರಿಂದ ಈ ಮಂಟಪವು ಸುಮಾರು 96 ಅಡಿ ಉದ್ದ, 48 ಅಡಿ ಅಗಲವಾಗುತ್ತದೆ. ಅದರಲ್ಲಿ ಹಿಂದಿನ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಸಲ್ಲುವುದರಿಂದ ಪ್ರೇಕ್ಷಕರಿಗೆ ಉಳಿಯುವುದು 48 ಅಡಿಯ ಚೌಕ ಮಾತ್ರ. ಇದಕ್ಕಿಂತ ದೊಡ್ಡದನ್ನು ಕಟ್ಟಬಾರದೆಂಬುದಕ್ಕೆ ಮುನಿಯು ಕೊಡುವ ಕಾರಣಗಳು ಎರಡು. ವಿಸ್ತಾರವಾದ ಮಂಟಪದಲ್ಲಿ ಪಾಠ್ಯವು ವಿಸ್ವರವಾಗಿ ಕಿವಿಗೆ ಅಸ್ಪಷ್ಟವಾಗುತ್ತದೆ ಎಂಬುದು ಒಂದು. ನಟನ ಮುಖದಲ್ಲಿ ತೋರುವ ಭಾವವು ಅವ್ಯಕ್ತವಾಗುತ್ತದೆ ಎಂಬುದು ಇನ್ನೊಂದು. ಧ್ವನಿವರ್ಧಕ ಯಂತ್ರಗಳ ಈ ಕಾಲದಲ್ಲಿ ಈ ವಿಧಿಯು ಪ್ರಯೋಜನವಿಲ್ಲದ ಪುರಾತನೋಕ್ತಿಯಾಗಿ ಉಳಿದಿದೆಯೆ, ಅಥವಾ ಭರತನ ಕಲ್ಪನೆಗೂ ಬಾರದಿದ್ದ ಒಂದು ಹೊಸ ಕಲೆಯಲ್ಲಿಯೂ ಅದು ಸಾರ್ಥಕವಾಗಿದೆಯೆ ಎಂಬುದು ವಿಚಾರಾರ್ಹವು. ಆ ಕಲೆಯಾವುದೆಂದರೆ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿ ಈಗ ಲೋಕವನ್ನೆಲ್ಲ ವ್ಯಾಪಿಸಿರುವ ಹಿಪ್-ಹಾಪ್.

ಹಿಪ್-ಹಾಪ್ ಎಂಬ ಹೆಸರು ವಾದ್ಯ, ನೃತ್ಯ, ಭಿತ್ತಿಚಿತ್ರ, ವಾಚಿಕ ಎಂಬ ಅಂಗಗಳ ಸಮುದಾಯಕ್ಕೆ ಸಲ್ಲತಕ್ಕದ್ದು. ಅದರ ವಾಚಿಕಾಂಗಕ್ಕೆ ರ‍್ಯಾಪ್ ಎಂದು ಹೆಸರು. ತಾಳಕ್ಕೆ ಹೊಂದಿಸಿ, ಪ್ರಾಸಬದ್ಧವಾಗಿ, ರಾಗವಿಲ್ಲದೆ ನುಡಿಯುವ ಪದ್ಯವೆಂದು ಅದನ್ನು ಲಕ್ಷಣೀಕರಿಸಬಹುದು. ನುಡಿಯುವವನಿಗೆ ಎಂ.ಸಿ. ಎಂಬ ಸಂಜ್ಞೆಯುಂಟು. ಮೊದಲೇ ರಚಿಸಿಟ್ಟುಕೊಳ್ಳದೆ ನಿಂತ ನಿಲುವಿನಲ್ಲಿಯೇ ಕಟ್ಟಿ ನುಡಿಯುವುದು ಫ್ರೀಸ್ಟೈಲ್, ಅಂದರೆ ಆಶುಕವಿತೆ.

1973 ನೆಯ ಇಸವಿ ಆಗಸ್ಟ್ 11 ರಂದು ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂವಿನ 1520 ನೆಯ ನಂಬರಿನ ಬಾಡಿಗೆಮನೆಗಳ ಕಟ್ಟಡದೊಳಗಿನ ವಿನೋದಶಾಲೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ತರುಣಿಯು ಒಂದು ಕೂಟವನ್ನು ಏರ್ಪಡಿಸಿದರು. ಪ್ರವೇಶಕ್ಕೆ ಹೆಂಗಸರಿಗೆ 25 ಸೆಂಟು, ಗಂಡಸರಿಗೆ 50 ಸೆಂಟು. ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದವರು ಆಕೆಯ ಸೋದರರೂ ಜಮೈಕ ದ್ವೀಪದಲ್ಲಿ ಹುಟ್ಟಿದವರೂ ಆದ ಕ್ಲೈವ್ ಕ್ಯಾಂಪ್‌ಬೆಲ್. ಕೂಲ್ ಹರ್ಕ್ ಎಂಬುದು ಅವರ ಪ್ರಸಿದ್ಧನಾಮವು. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಗಾಯನವು ನಿಂತು ತಾಳವಾದ್ಯವೊಂದೇ ಮೊಳಗುವ ಚಿಕ್ಕ ಭಾಗವನ್ನು ಒಂದರ ಬಳಿಕ ಇನ್ನೊಂದರಿಂದ ಎತ್ತಿ ಲಂಬಿಸುವ ಯುಕ್ತಿಯು ಅವರಿಂದಲೇ ಬಳಕೆಗೆ ಬಂದಿತು. ಅವರ ಸಂಗಡಿಗರಾದ ಕೋಕ್ ಲಾ ರಾಕ್ ಎಂಬವರು ಮೈಕನ್ನು ಹಿಡಿದು, ಕೂಟಕ್ಕೆ ಬಂದಿದ್ದ ಗೆಳೆಯರ ಹೆಸರುಗಳನ್ನು ತಾಳದ ನಡುವೆ ಕೂಗುತ್ತಿದ್ದರು. ಚರಿತ್ರಕಾರರು ಸಾಮಾನ್ಯವಾಗಿ ತಟ್ಟೆಯ ಯುಕ್ತಿಯನ್ನೇ ಎತ್ತಿ ಹೇಳುತ್ತಾರೆ. ಸಂಗೀತದ ದೃಷ್ಟಿಯಿಂದ ಅದು ಯುಕ್ತವೇ ಸರಿ. ಆದರೆ ಕಾವ್ಯವಿಚಾರಕ್ಕೆ ಮುಖ್ಯವಾದುದು ಆ ಕೂಗು. ರ‍್ಯಾಪಿನ ಪ್ರಥಮ ವಸ್ತುವು ಹೊರಗಿನಿಂದ ತಂದ ಕಥೆಯಲ್ಲ, ಶಾಲೆಯೊಳಗೆ ನಿಂತಿದ್ದವರ ಹೆಸರು. ಸಭೆಯೇ ಅಲ್ಲಿ ಕಾವ್ಯಕ್ಕೆ ಉಪಾದಾನಕಾರಣವಾಗಿತ್ತು. 1979 ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಎಂಬ ತಟ್ಟೆಯು ಹೊರಬಿದ್ದು ದೇಶವೆಲ್ಲ ಹಬ್ಬಿದ ಬಳಿಕ ಪದ್ಯವು ತಾನು ಹುಟ್ಟಿದ ಕೋಣೆಯಿಂದ ಬಿಡಿಸಿಕೊಂಡು ತಿರುಗತೊಡಗಿತು. ಕೇಳುವವನ ಹೆಸರು ನುಡಿಯುವವನಿಗೆ ತಿಳಿಯಬೇಕೆಂಬ ನಿಯಮವು ಅಲ್ಲಿಂದ ಮುಂದೆ ಇಲ್ಲವಾಯಿತು. ಆಮೇಲೆ ಇಪ್ಪತ್ತು ಸಾವಿರ ಜನ ಕೂರುವ ಕ್ರೀಡಾಮಂದಿರಗಳಲ್ಲಿಯೂ ಹಿಪ್-ಹಾಪ್ ಗೋಷ್ಠಿಗಳು ನಡೆಯತೊಡಗಿದುವು.

ಇಲ್ಲಿ ಪೂರ್ವಪಕ್ಷವು ಹೀಗೆ. ಭರತನ ಕಾಲದಲ್ಲಿ ಕಂಠವೊಂದೇ ಸಾಧನವಾಗಿದ್ದುದರಿಂದ ಮಂಟಪವು ಕಿರಿದಾಗಿರಬೇಕಾಯಿತು. ಯಂತ್ರವು ಕಂಠವನ್ನು ನೂರ್ಮಡಿ ಹೆಚ್ಚಿಸುವಾಗ, ಎದೆಯಗಲದ ಮುಖವನ್ನು ಮನೆಯೆತ್ತರದ ಪರದೆಯ ಮೇಲೆ ತೋರಿಸುವಾಗ, ಮಂಟಪವು ಎಷ್ಟು ದೊಡ್ಡದಾದರೇನು?

ಇದಕ್ಕೆ ಸಮಾಧಾನ. ಧ್ವನಿಯು ದೊಡ್ಡದಾಗುವುದು ಬೇರೆ, ಸ್ಪಷ್ಟವಾಗುವುದು ಬೇರೆ. ರ‍್ಯಾಪಿನ ಜೀವಾಳವಾದ ಪ್ರಾಸಾನುಪ್ರಾಸಗಳು ವ್ಯಂಜನಗಳನ್ನು ಆಶ್ರಯಿಸಿಕೊಂಡಿವೆ. ಯಂತ್ರವು ಅತಿಯಾಗಿ ಹೆಚ್ಚಿಸುವುದಾದರೋ ಎದೆಯನ್ನು ನಡುಗಿಸುವ ಮಂದ್ರಘೋಷವನ್ನು. ಆ ಘೋಷದಲ್ಲಿ ತಕಾರ ಪಕಾರಗಳು ಮೊದಲು ಮುಳುಗುತ್ತವೆ. ಅದಕ್ಕಿಂತಲೂ ಸೂಕ್ಷ್ಮವಾದುದು ಕಾಲದ ವಿಚಾರವು. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರು ದೂರ ಮಾತ್ರ ಚಲಿಸುತ್ತದೆ. ರಂಗದಿಂದ 100 ಮೀಟರು ದೂರದಲ್ಲಿ ಕುಳಿತವನಿಗೆ ನುಡಿಯು ಮುಟ್ಟುವುದಕ್ಕೆ ಸುಮಾರು 0.3 ಸೆಕೆಂಡು ಬೇಕು. ನಿಮಿಷಕ್ಕೆ 90 ಘಾತಗಳ ಲಯದಲ್ಲಿ, ರ‍್ಯಾಪಿಗೆ ಇದು ಸಹಜವಾದ ಲಯ, ಒಂದು ಘಾತಕ್ಕೂ ಇನ್ನೊಂದಕ್ಕೂ ನಡುವಣ ಕಾಲವು 0.67 ಸೆಕೆಂಡು. ಆದುದರಿಂದ ದೂರದವನು ಪರದೆಯ ಮೇಲೆ ತುಟಿಯನ್ನು ಕಾಣುವುದಕ್ಕೂ ನುಡಿಯನ್ನು ಕೇಳುವುದಕ್ಕೂ ಅರ್ಧಘಾತಕ್ಕೆ ಸಮೀಪವಾದ ಅಂತರವು ಬೀಳುತ್ತದೆ. ಅವನು ಮರುದನಿಯಾಗಿ ಕೂಗಿದ ಕೂಗು ರಂಗಕ್ಕೆ ಹಿಂದಿರುಗುವ ಹೊತ್ತಿಗೆ ಒಂದು ಘಾತಕ್ಕೆ ಸಮೀಪವಾದ ಕಾಲವೇ ಕಳೆದುಹೋಗಿರುತ್ತದೆ. ಕೂಗು ಮರುಕೂಗುಗಳಿಂದಲೇ ಬೆಳೆದ ಕಲೆಗೆ ಇದು ಸಣ್ಣ ದೋಷವಲ್ಲ. ಅದೇ ಭರತನ ಮಧ್ಯಮಮಂಟಪದಲ್ಲಿ ಕೊನೆಯ ಸಾಲಿಗೆ ಇರುವ ದೂರವು 15 ಮೀಟರಿಗಿಂತ ಕಡಿಮೆ. ಅಲ್ಲಿ ವಿಳಂಬವು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲನ್ನೂ ಮುಟ್ಟದು. ಮುನಿಯು ಇದನ್ನು ಲೆಕ್ಕಹಾಕಿ ಹೇಳಿದನೆಂದು ಸಾಧಿಸಹೊರಡುವುದು ಹುಚ್ಚುಸಾಹಸವು. ಕಿವಿಯ ಅನುಭವದಿಂದ ಕಂಡುಕೊಂಡ ಮಿತಿಯು ಲೆಕ್ಕಕ್ಕೂ ನಿಂತಿತೆಂದರೆ ಸಾಕು.

ಹೀಗೆ ಭರತನ ಪ್ರಥಮಹೇತುವು ರ‍್ಯಾಪಿಗೂ ಸಲ್ಲುತ್ತದೆಯೆಂದಾಯಿತು. ದ್ವಿತೀಯಹೇತುವನ್ನು, ಅಂದರೆ ಮುಖದ ಸಾಮೀಪ್ಯವನ್ನು, ಪರೀಕ್ಷಿಸುವುದಕ್ಕೆ ‘ಫ್ರೀಸ್ಟೈಲ್ ಲವ್ ಸುಪ್ರೀಮ್’ ಎಂಬ ತಂಡದ ಪ್ರಯೋಗವು ಉತ್ತಮವಾದ ಉದಾಹರಣೆ. ಆಂಥೊನಿ ವೆನೆಝಿಯಾಲೆ, ಥಾಮಸ್ ಕೇಲ್, ಲಿನ್-ಮಾನ್ವೆಲ್ ಮಿರಾಂಡ ಎಂಬ ಮೂವರು ಇಪ್ಪತ್ತೊಂದನೆಯ ಶತಮಾನದ ಪ್ರಾರಂಭದ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಈ ತಂಡವು ಚಿಕ್ಕ ಚಿಕ್ಕ ರಂಗಶಾಲೆಗಳಲ್ಲಿ ಬಹುಕಾಲ ಆಡಿ, 2019 ರ ಅಕ್ಟೋಬರ್ 2 ರಂದು ಬ್ರಾಡ್‌ವೇ ಪ್ರಾಂತದ ಬೂತ್ ಥಿಯೇಟರಿಗೆ ಬಂದಿತು. 1913 ರಲ್ಲಿ ಕಟ್ಟಲ್ಪಟ್ಟ ಈ ಶಾಲೆಯು ಎಡ್ವಿನ್ ಬೂತ್ ಎಂಬ ನಟಶ್ರೇಷ್ಠನ ಹೆಸರನ್ನು ಹೊತ್ತಿದೆ. ಬ್ರಾಡ್‌ವೇ ಶಾಲೆಗಳಲ್ಲಿ ಇದು ಕಿರಿಯವುಗಳ ಸಾಲಿಗೆ ಸೇರಿದುದು. ಕೆಳಗೂ ಮೇಲೂ ಸೇರಿ ಸುಮಾರು 770 ಆಸನಗಳು ಮಾತ್ರ. ಭರತನ ಅಳತೆಗಿಂತ ದೊಡ್ಡದಾದರೂ ಅವನ ಅಭಿಪ್ರಾಯಕ್ಕೆ ದೂರವಾದುದಲ್ಲ.

ಈ ಗೋಷ್ಠಿಗೆ ಹೋಗುವವನ ಪಾತ್ರವು ಬಾಗಿಲಿನಲ್ಲಿಯೇ ಪ್ರಾರಂಭವಾಗುತ್ತಿತ್ತು. ಮೊದಲು ಅವನ ಮೊಬೈಲನ್ನು ಒಂದು ಚೀಲದಲ್ಲಿಟ್ಟು ಬೀಗ ಹಾಕಿ ಅವನ ಕೈಗೇ ಕೊಡುವರು; ಆಟ ಮುಗಿಯುವವರೆಗೆ ಅದನ್ನು ತೆರೆಯುವಂತಿಲ್ಲ. ಬಳಿಕ ಒಂದು ಚೀಟಿ. ಅದರ ಮೇಲೆ ತನಗೆ ತೋಚಿದ ಒಂದು ಪದವನ್ನು ಬರೆದು ಹಾಕಿ ಒಳಗೆ ಹೋಗಿ ಕೂರಬೇಕು. ರಂಗದಲ್ಲಿ ತಟ್ಟೆ ನುಡಿಸುವ ಯಂತ್ರವಿಲ್ಲ. ತಾಳವನ್ನು ಬಾಯಿಂದಲೇ ನುಡಿಸುವವರು ಒಬ್ಬರಿರುವರು. ಕ್ರಿಸ್ ಸಲಿವನ್, ಕೈಲಾ ಮುಲ್ಲಡಿ ಇವರು ಈ ವಿದ್ಯೆಯಲ್ಲಿ ಹೆಸರಾದವರು. ಕೊನ್ನಕೋಲನ್ನು ಕೇಳಿದವರಿಗೆ ಇದು ಹೊಸದೆನಿಸದು. ಆದರೆ ಕೊನ್ನಕೋಲಿನಲ್ಲಿ ಮೃದಂಗದ ಶಬ್ದಕ್ಕೆ ಜತಿಗಳು ಸಂಕೇತವಾಗಿ ನಿಂತರೆ, ಇಲ್ಲಿ ಬಾಯಿಯು ವಾದ್ಯದ ಶಬ್ದವನ್ನೇ ಅನುಕರಿಸುತ್ತದೆ. ಕೀಬೋರ್ಡ್ ನುಡಿಸುವವರೂ ಉಂಟು. ಎಂ.ಸಿ.ಗಳಲ್ಲಿ ಅನೀಸಾ ಫೋಲ್ಡ್ಸ್ ಎಂಬ ಗಾಯಕಿಯೂ ಭಾರತೀಯ ಮೂಲದ ಉತ್ಕರ್ಷ್ ಅಂಬುಡ್ಕರರೂ ಪ್ರಸಿದ್ಧರು. ವೆನೆಝಿಯಾಲೆಯವರು ಸೂತ್ರಧಾರರಾಗಿ ಸಭೆಯನ್ನು ಪದಕ್ಕಾಗಿ ಬೇಡುವರು, ಸಭೆ ಕೂಗುವುದು, ಕೂಗಿದ ಪದಗಳಲ್ಲಿ ಒಂದನ್ನು ಹಿಡಿದು ತಂಡವು ಕೂಡಲೇ ಪದ್ಯವನ್ನು ಎತ್ತಿಕೊಳ್ಳುವುದು. ಸಭಿಕರಿಗೆ ಕಿರಿಕಿರಿಯುಂಟುಮಾಡುವ ವಿಷಯಗಳನ್ನು ಕುರಿತದ್ದು ಒಂದು ಭಾಗ. ಒಬ್ಬ ಸಭಿಕನು ತನ್ನ ಜೀವನದಲ್ಲಿ ಬೇರೆ ರೀತಿಯಾಗಿ ನಡೆದುಕೊಳ್ಳಬಹುದಾಗಿತ್ತೆಂದು ಬಯಸುವ ಒಂದು ಪ್ರಸಂಗವನ್ನು ಹೇಳಿದರೆ, ಅದನ್ನು ನಡೆದಂತೆ ಒಮ್ಮೆ ಆಡಿ, ಹಿಂದಕ್ಕೆ ತಿರುಗಿಸಿ, ಅವನು ಬಯಸಿದಂತೆ ಮತ್ತೊಮ್ಮೆ ಆಡುವುದು ‘ಸೆಕೆಂಡ್ ಚಾನ್ಸ್’ ಎಂಬ ಭಾಗ. ಇನ್ನೊಂದರಲ್ಲಿ ಎಂ.ಸಿ.ಗಳು ಸಭೆಯಿತ್ತ ಪದವನ್ನು ನೆಪಮಾಡಿಕೊಂಡು ತಮ್ಮ ಬಾಳಿನಲ್ಲಿ ನಿಜವಾಗಿ ನಡೆದುದನ್ನು ಹೇಳುವರು.

ಕೋಕ್ ಲಾ ರಾಕರ ಕೂಗಿಗೂ ಈ ಚೀಟಿಗೂ ಇರುವ ಸಂಬಂಧವು ವಿಶದವಾಗಿಯೇ ಇದೆ. ಅಲ್ಲಿ ನಿಂತವನ ಹೆಸರು, ಇಲ್ಲಿ ಕುಳಿತವನ ಪದ. ಬ್ರಾಡ್‌ವೇ ಸೇರಿದ ಮೇಲೆ ಹಿಪ್-ಹಾಪ್ ತನ್ನ ಕುಲವನ್ನು ಮರೆಯಿತೆಂದು ಆಕ್ಷೇಪಿಸುವವರು ಇದನ್ನು ಗಮನಿಸತಕ್ಕದ್ದು.

ಈಗ ಮುಖದ ವಿಚಾರ. ಭರತನು ಮುಖರಾಗವೆಂದಾಗ ಅವನ ಮನಸ್ಸಿನಲ್ಲಿದ್ದುದು ಅಭಿನಯ. ದುಷ್ಯಂತನಲ್ಲದವನು ದುಷ್ಯಂತನ ಭಾವವನ್ನು ತೋರಿಸುವುದು. ಆಶುಕವಿಯ ಮುಖದಲ್ಲಿ ತೋರುವುದಾದರೋ ಅಭಿನಯವಲ್ಲ, ಪ್ರಾಸವನ್ನು ಅರಸುವ ಬುದ್ಧಿಯ ಚಲನೆ. ಪದವು ಬಿದ್ದ ಕ್ಷಣದಲ್ಲಿ ಹುಬ್ಬು ಮೇಲೇರುವುದು, ಒಂದು ಪಾದವನ್ನು ಹೇಳುತ್ತಿರುವಾಗಲೇ ಕಣ್ಣು ಮುಂದಿನ ಪಾದಕ್ಕಾಗಿ ಮೂಲೆಗೆ ಸರಿಯುವುದು, ಸಿಕ್ಕಿದೊಡನೆ ತುಟಿಯಂಚಿನಲ್ಲಿ ನಗು ತಡೆಯಲಾರದೆ ಹೊರಬೀಳುವುದು, ಇವೆಲ್ಲ ಕಾವ್ಯದ ಅಂಗಗಳೇ ಆಗಿವೆ. ಇವುಗಳನ್ನು ಕಾಣದವನಿಗೆ ಆ ಪದ್ಯವು ಸಾಧಾರಣವಾದ ಪದ್ಯವಾಗಿ ಮಾತ್ರ ಕೇಳಿಸುವುದು. ಏಕೆಂದರೆ ಬರೆದಿಟ್ಟು ಓದಿದರೆ ಅದು ನಿಜವಾಗಿಯೂ ಸಾಧಾರಣವೇ. ರಚಿತಕಾವ್ಯಕ್ಕೆ ಈ ಸಾಮೀಪ್ಯವು ಅಷ್ಟು ಆವಶ್ಯಕವಲ್ಲ. ಇದೇ ಮಿರಾಂಡರ ‘ಹ್ಯಾಮಿಲ್ಟನ್’ ಎಂಬ ರ‍್ಯಾಪ್ ನಾಟಕವು 2015 ರಲ್ಲಿ ಪಬ್ಲಿಕ್ ಥಿಯೇಟರಿನ 299 ಆಸನಗಳ ಶಾಲೆಯಲ್ಲಿ ಪ್ರಾರಂಭವಾಗಿ, ಅದೇ ವರ್ಷ ಸುಮಾರು 1,300 ಆಸನಗಳ ರಿಚರ್ಡ್ ರಾಜರ್ಸ್ ಥಿಯೇಟರಿಗೆ ಹೋದರೂ ಅದರ ಕೀರ್ತಿಗೆ ಊನ ಬರಲಿಲ್ಲ. ಅದರ ಮಾತುಗಳು ಮೊದಲೇ ಸಿದ್ಧವಾಗಿದ್ದುವು. ಕೇಳುವವರಲ್ಲಿ ಬಹುಮಂದಿಗೆ ಅವು ಧ್ವನಿಮುದ್ರಿಕೆಯಿಂದ ಕಂಠಸ್ಥವೂ ಆಗಿದ್ದುವು. ಆದಕಾರಣ ಭರತವಿಧಿಯು ರ‍್ಯಾಪಿನಲ್ಲಿ ಎಲ್ಲಕ್ಕೂ ಸಮವಾಗಿ ಅನ್ವಯಿಸದೆ, ಆಶುರಚನೆಗೆ ವಿಶೇಷವಾಗಿ ಅನ್ವಯಿಸುತ್ತದೆಯೆಂದು ವಿಭಾಗಿಸಿಕೊಳ್ಳಬೇಕು.

ಆಶುಪ್ರಾಸದ ಪ್ರಕ್ರಿಯೆಯು ಪರಿಶೀಲನಾರ್ಹವಾಗಿದೆ. ನಾಲ್ಕು ಘಾತಗಳ ಒಂದು ಪಾದಕ್ಕೆ ಮೇಲೆ ಹೇಳಿದ ಲಯದಲ್ಲಿ ದೊರಕುವ ಕಾಲವು 2.67 ಸೆಕೆಂಡು. ಕವಿಯು ಕೊಟ್ಟ ಪದವನ್ನು ಕೂಡಲೇ ಉಪಯೋಗಿಸುವುದಿಲ್ಲ. ಎರಡನೆಯ ಪಾದದ ಕೊನೆಗೆಂದು ಅದನ್ನು ಮುಡಿಪಿಟ್ಟು, ಅದಕ್ಕೆ ಪ್ರಾಸವಾಗುವ ಬೇರೊಂದು ಪದವನ್ನು ಮೊದಲನೆಯ ಪಾದದ ಕೊನೆಗೆ ನಿಲ್ಲಿಸಿ, ನಡುವಣ ತೆರಪನ್ನು ತುಂಬುತ್ತ ಹೋಗುವನು. ಕನ್ನಡದಲ್ಲಿ ಕಲ್ಪಿಸಿ ತೋರಿಸುವುದಾದರೆ, ಸಭೆಯು ಕೊಟ್ಟ ಪದ ‘ಛತ್ರಿ’ ಎಂದಿರಲಿ:

ಮಳೆಗಂಜಿ ಮನೆಯಲ್ಲಿ ಕುಳಿತಿತ್ತು ರಾತ್ರಿ;
ಬಾಗಿಲಿಗೆ ಬಂದಳು ಅಜ್ಜಿ, ಕೈಯಲ್ಲಿ ಛತ್ರಿ.

ಕೇಳುವವನಿಗೆ ‘ರಾತ್ರಿ’ಯು ಮೊದಲು, ‘ಛತ್ರಿ’ಯು ಬಳಿಕ. ಕವಿಯ ಮನಸ್ಸಿನಲ್ಲಿ ಕ್ರಮವು ವಿಪರ್ಯಸ್ತವಾಗಿದೆ. ಅವಧಾನದಲ್ಲಿ ಸಮಸ್ಯಾಪೂರಣವನ್ನು ಮಾಡುವವನೂ ಕೊನೆಯ ಪಾದವನ್ನು ಮೊದಲೇ ಹಿಡಿದು ಅದರ ಕಡೆಗೆ ನಡೆಯುತ್ತಾನೆ. ದತ್ತಪದಿಯಲ್ಲಿಯಂತೂ ಕೊಟ್ಟ ಪದಗಳನ್ನು ಸೇರಿಸುವುದೇ ನಿಬಂಧನೆ. ಇಷ್ಟು ಸಾದೃಶ್ಯದಿಂದ ಎರಡನ್ನೂ ಒಂದೆಂದು ಸಾರುವುದು ಸಲ್ಲದು. ಅವಧಾನಿಯ ಎದುರಿಗಿರುವ ಪೃಚ್ಛಕನು ವಿಘ್ನಕಾರಿ. ನಿಷೇಧಾಕ್ಷರಿಯಲ್ಲಿ ಅಕ್ಷರಾಕ್ಷರಕ್ಕೂ ದಾರಿಯನ್ನು ಕಟ್ಟುತ್ತಾನೆ. ಬೂತ್ ಶಾಲೆಯ ಸಭಿಕನು ಪದವನ್ನು ಕೊಟ್ಟ ಮೇಲೆ ಕವಿಯು ಗೆಲ್ಲಲೆಂದೇ ಹಾರೈಸುವವನು. ಆದರೆ ಆಟದ ಕೊನೆಯ ವೇಳೆಗೆ ಎಂ.ಸಿ.ಯೊಬ್ಬನು ಮೊದಲಲ್ಲಿ ಬಂದುಹೋದ ಪದವನ್ನು ಎಲ್ಲರೂ ಮರೆತ ಹೊತ್ತಿಗೆ ಪ್ರಾಸಸ್ಥಾನದಲ್ಲಿ ಹೊರಗೆಳೆದಾಗ ಸಭೆಯು ಉಬ್ಬಿ ಏಳುವ ರೀತಿಯನ್ನು ನೋಡಿದರೆ, ಅವಧಾನದ ಧಾರಣಾಂಶಕ್ಕೆ ಅದು ಜ್ಞಾತಿಯೆಂಬುದರಲ್ಲಿ ಸಂದೇಹವಿಲ್ಲ. ಪ್ರಾಸಂಗಿಕವಾಗಿ ಇನ್ನೊಂದು ಮಾತು. ಕನ್ನಡದಲ್ಲಿ 1911 ರಲ್ಲಿ ಗೋವಿಂದ ಪೈಗಳು ದ್ವಿತೀಯಾಕ್ಷರಪ್ರಾಸವನ್ನು ಬಿಟ್ಟು ಬರೆದುದು ಒಂದು ವಾದಕ್ಕೆ ಕಾರಣವಾಯಿತಷ್ಟೆ. ಇಂಗ್ಲಿಷ್ ಕವಿಗಳಲ್ಲಿಯೂ ಅನೇಕರು ಅದೇ ಶತಮಾನದಲ್ಲಿ ಅಂತ್ಯಪ್ರಾಸವನ್ನು ಭಾರವೆಂದು ಇಳಿಸಿದರು. ಪಂಡಿತರು ಇಳಿಸಿದ ಆ ಹೊರೆಯನ್ನು ಬ್ರಾಂಕ್ಸಿನ ಬೀದಿಯ ಹುಡುಗರು ಎತ್ತಿ ಹೆಗಲಿಗೇರಿಸಿಕೊಂಡರು!

ಹೀಗೆ ಪ್ರಾಸವೇ ಮುಂದಾಗಿ ಅರ್ಥವು ಅದರ ಹಿಂದೆ ಬರುವ ರಚನೆಯಲ್ಲಿ ರಸಕ್ಕೆ ಅವಕಾಶವುಂಟೆ? ಆನಂದವರ್ಧನನು ಧ್ವನ್ಯಾಲೋಕದ ದ್ವಿತೀಯೋದ್ಯೋತದಲ್ಲಿ, ಧ್ವನಿಕಾವ್ಯಕ್ಕೆ ಅಂಗವಾಗಬಲ್ಲ ಅಲಂಕಾರವು ಅಪೃಥಗ್ಯತ್ನನಿರ್ವರ್ತ್ಯವಾಗಿರಬೇಕು, ಅಂದರೆ ರಸದಲ್ಲಿ ತೊಡಗಿದ ಕವಿಗೆ ಬೇರೆ ಪ್ರಯತ್ನವಿಲ್ಲದೆ ತಾನಾಗಿ ಒದಗಬೇಕು ಎಂದು ನಿರ್ಣಯಿಸಿರುವನು. ಯಮಕಾದಿಗಳನ್ನು ಕಟ್ಟುವುದರಲ್ಲಿ ಶಕ್ತನಾದವನಿಗೂ ಶೃಂಗಾರದಲ್ಲಿ ಅದು ಪ್ರಮಾದವೇ ಎಂಬುದು ಅವನ ಮತವು. ಈ ನಿಕಷದ ಮೇಲೆ ಉಜ್ಜಿದರೆ ಫ್ರೀಸ್ಟೈಲಿನ ಬಹುಭಾಗವು ನಿಲ್ಲುವುದಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಅಲ್ಲಿ ರಸವು ಅಲಂಕಾರವನ್ನು ಎಳೆದು ತರುತ್ತಿಲ್ಲ. ಅಲಂಕಾರವೇ ಅರ್ಥವನ್ನು ಎಳೆದು ತರುತ್ತಿದೆ. ‘ಛತ್ರಿ’ ಬಾರದಿದ್ದರೆ ಅಜ್ಜಿಯೂ ಬರುತ್ತಿರಲಿಲ್ಲ. ಆ ಸಂಜೆಗಳಲ್ಲಿ ಹಾಸ್ಯವೂ ಅದರ ಬೆನ್ನಿಗೆ ವಿಸ್ಮಯವೂ ಹೇರಳವಾಗಿ ದೊರೆತು, ಮಿಕ್ಕ ರಸಗಳು ವಿರಳವಾದುದಕ್ಕೆ ಕಾರಣವು ಇದೇ. ಬಲಾತ್ಕಾರವಾಗಿ ತಂದ ಅರ್ಥವು ನಗೆಯನ್ನು ಸುಲಭವಾಗಿ ತರುತ್ತದೆ, ಕಣ್ಣೀರನ್ನು ತರಲಾರದು.

ಇದಕ್ಕೆ ಅಪವಾದವಾದುದು ಎಂ.ಸಿ.ಗಳು ತಮ್ಮ ಬಾಳನ್ನು ಹೇಳುವ ಭಾಗ. ಅಲ್ಲಿ ಅರ್ಥವು ಮೊದಲೇ ಇದೆ. ನಡೆದುಹೋದ ಸಂಗತಿ, ಬದಲಿಸುವಂತಿಲ್ಲದ್ದು. ಪ್ರಾಸವು ಅದಕ್ಕೆ ಒದಗಿದರೆ ಒದಗಬೇಕು, ಇಲ್ಲದಿದ್ದರೆ ಬಿಡಬೇಕು. ಈ ಭಾಗದಲ್ಲಿ ಲಯವು ನಿಧಾನಿಸುತ್ತದೆ, ಪ್ರಾಸಗಳು ಸಡಿಲವಾಗುತ್ತವೆ, ಕೆಲವು ಪಾದಗಳು ಪ್ರಾಸವಿಲ್ಲದೆಯೇ ಮುಗಿಯುತ್ತವೆ. ಕ್ಷಣಕ್ಕೆ ಮುಂಚೆ ಪ್ರತಿಪ್ರಾಸಕ್ಕೂ ಕೂಗುತ್ತಿದ್ದ ಸಭೆಯು ಪ್ರಾಸವು ತಪ್ಪಿದುದನ್ನು ಗಮನಿಸದೆ ಮೌನವಾಗಿರುತ್ತದೆ. ಆ ಮೌನವು ಯಾವ ಕರತಾಡನಕ್ಕಿಂತಲೂ ಪ್ರಬಲವಾದ ಪ್ರಮಾಣವು. ಪ್ರಾಸಚತುರನಾದವನು ಪ್ರಾಸವನ್ನು ಬಿಟ್ಟುಕೊಟ್ಟ ಎಡೆಯಲ್ಲಿಯೇ ಅವನ ಕವಿತ್ವವು ಗೋಚರಿಸುತ್ತದೆಂಬುದು ಆನಂದವರ್ಧನನಿಗೆ ಸಮ್ಮತವಾಗುವ ತೀರ್ಮಾನವೇ. ಹಾಗಾದರೆ ಮಿಕ್ಕ ಭಾಗಗಳೆಲ್ಲ ನಿಷ್ಫಲವೆ? ಅಲ್ಲ. ಪ್ರಾಸವನ್ನು ಅವನು ಗಳಿಸಬಲ್ಲನೆಂದು ಸಭೆಗೆ ಮೊದಲೇ ಮನವರಿಕೆಯಾಗಿರದಿದ್ದರೆ, ಬಿಟ್ಟುದು ತ್ಯಾಗವಾಗಿ ತೋರದೆ ಅಶಕ್ತಿಯಾಗಿ ತೋರುತ್ತಿತ್ತು.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ಅರೋಚಕಿ, ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಈ ಗೋಷ್ಠಿಗಳ ಸಭಿಕರಲ್ಲಿ ಹುಲ್ಲನ್ನೂ ಅನ್ನವನ್ನೂ ಒಂದಾಗಿ ಉಣ್ಣುವ ಸತೃಣಾಭ್ಯವಹಾರಿಗಳೇ ಬಹುಸಂಖ್ಯಾತರು. ತಾನು ಕೊಟ್ಟ ಪದವು ರಂಗದಿಂದ ತಿರುಗಿ ಕೇಳಿಬಂದಿತೆಂಬ ಸಂತೋಷದಲ್ಲಿ ಅದು ಹೇಗೆ ಬಂದಿತೆಂಬುದನ್ನು ನೋಡುವವರು ಸ್ವಲ್ಪ. ತಂಡವೂ ಈ ಔದಾರ್ಯವನ್ನು ಕೆಲವೆಡೆ ಅಗ್ಗವಾಗಿ ಬಳಸಿಕೊಳ್ಳುತ್ತದೆ. ಆಡುಮಾತಿನ ಗ್ರಾಮ್ಯಪದವೊಂದನ್ನು ಪ್ರಾಸಸ್ಥಾನದಲ್ಲಿ ತಂದಿಟ್ಟು ನಗೆಯನ್ನು ಕೊಳ್ಳುವುದು ಫ್ರೀಸ್ಟೈಲಿನಲ್ಲಿ ಎಲ್ಲಕ್ಕಿಂತ ಸುಲಭವಾದ ವ್ಯಾಪಾರ. ಬೀದಿಯ ಸೈಫರಿನಲ್ಲಿ, ಎಂದರೆ ಎಂ.ಸಿ.ಗಳು ವರ್ತುಲಾಕಾರವಾಗಿ ನಿಂತು ಸರದಿಯಂತೆ ನುಡಿಯುವ ಕೂಟದಲ್ಲಿ, ಇಂಥ ಅಗ್ಗದ ಪ್ರಾಸವನ್ನು ತಂದವನಿಗೆ ಶಿಕ್ಷೆಯು ತತ್ಕ್ಷಣವೇ ಒದಗುತ್ತದೆ. ಅಲ್ಲಿ ಸುತ್ತ ನಿಂತವರೆಲ್ಲರೂ ತಾವೇ ಕವಿಗಳು, ಮತ್ಸರಿಗಳೂ ಹೌದು. ಮತ್ಸರಿಯನ್ನು ಆಲಂಕಾರಿಕರು ಹೊಗಳಿದ್ದಿಲ್ಲ. ಆದರೂ ಆಶುಕವಿಯನ್ನು ಎಚ್ಚರದಲ್ಲಿಡುವ ಕಾರ್ಯವನ್ನು ಮತ್ಸರಿಯು ಸಹೃದಯನಿಗಿಂತ ಚೆನ್ನಾಗಿ ಮಾಡುತ್ತಾನೆ. ರಂಗಶಾಲೆಯಲ್ಲಿ ಅವನಿಗೆ ಸ್ಥಾನವಿಲ್ಲ.

ಆಸನದಿಂದ ಬರುವ ನಷ್ಟವು ಇದೊಂದೇ ಅಲ್ಲ. 25 ಸೆಂಟಿನ ಕೂಟದಲ್ಲಿ ಜನರು ಬಂದದ್ದು ಕುಣಿಯುವುದಕ್ಕೆ. ಮಖಮಲ್ಲಿನ ಕುರ್ಚಿಯಲ್ಲಿ ಕುಳಿತವನು ತಲೆಯನ್ನಲ್ಲದೆ ಮತ್ತೇನನ್ನೂ ತೂಗಲಾರನು. 1982 ರ ‘ದಿ ಮೆಸೇಜ್’ ಎಂಬ ತಟ್ಟೆಯಿಂದ ಮೊದಲ್ಗೊಂಡು ಈ ಕಲೆಗೆ ನಗರದ ಬಡತನವನ್ನು ಹೇಳುವ ಗಂಭೀರವಾದ ಪರಂಪರೆಯೊಂದುಂಟು. ಸಭಿಕನ ಚೀಟಿಯನ್ನೇ ವಸ್ತುವಾಗಿ ಹಿಡಿದ ಗೋಷ್ಠಿಯಲ್ಲಿ ಸಭಿಕನು ಯಾರೋ ವಸ್ತುವೂ ಅದೇ. ಬ್ರಾಡ್‌ವೇಯ ದರವನ್ನು ತೆತ್ತು ಬಂದವನ ಕಿರಿಕಿರಿಗಳು ಎಂಥವಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮಂಟಪದ ಅಳತೆಯನ್ನು ಮುನಿಯು ವಿಧಿಸಿದನು. ಅದರೊಳಗೆ ಯಾರು ಬರಬಲ್ಲರೆಂಬುದನ್ನು ನಿರ್ಣಯಿಸುವುದು ಟಿಕೆಟ್ಟು. ಸಭೆಯು ಉಪಾದಾನಕಾರಣವಾದ ಕಾವ್ಯದಲ್ಲಿ ಈ ದೋಷವನ್ನು ಕವಿಯ ಪ್ರತಿಭೆಯು ಪರಿಹರಿಸಲಾರದು, ಏಕೆಂದರೆ ಮಣ್ಣಿನ ಗುಣವು ಘಟದಲ್ಲಿ ಬಂದೇ ಬರುತ್ತದೆ.

ತಂಡದ ಚರಿತ್ರೆಯನ್ನು ಕುರಿತ ಚಲಚ್ಚಿತ್ರವೊಂದು 2020 ರಲ್ಲಿ ಹೊರಬಿದ್ದಿತು. ಮೇಲೆ ವರ್ಣಿಸಿದ ಮುಖಗಳೆಲ್ಲ ಅದರಲ್ಲಿ ರಂಗಶಾಲೆಯ ಮೊದಲ ಸಾಲಿನಿಂದ ಕಾಣುವುದಕ್ಕಿಂತಲೂ ಹತ್ತಿರದಲ್ಲಿ ಕಾಣುತ್ತವೆ. ಆದರೂ ಅದನ್ನು ನೋಡುವವನು ಪದವನ್ನು ಕೊಟ್ಟವನಲ್ಲ, ಮುಂದಿನ ಪಾದವು ಸಿಕ್ಕುವುದೋ ಇಲ್ಲವೋ ಎಂಬ ಶಂಕೆಯೂ ಅವನಿಗಿಲ್ಲ, ಸಿಕ್ಕದಿದ್ದುದನ್ನು ಚಿತ್ರದಿಂದ ಕತ್ತರಿಸಿ ತೆಗೆದಿರಬಹುದೆಂದು ಅವನು ಬಲ್ಲನು. 2021 ರ ಅಕ್ಟೋಬರಿನಲ್ಲಿ ತಂಡವು ಬೂತ್ ಥಿಯೇಟರಿಗೆ ಮರಳಿ ಬಂದಾಗ ಸಾಂಕ್ರಾಮಿಕದ ನಿಮಿತ್ತ ಬ್ರಾಡ್‌ವೇಯ ಪ್ರೇಕ್ಷಕರೆಲ್ಲರೂ ಬಾಯಿಮೂಗುಗಳಿಗೆ ಮುಸುಕನ್ನು ಕಟ್ಟಿಕೊಂಡೇ ಕೂರಬೇಕಾಗಿತ್ತು. ನಟನ ಮುಖವು ಪ್ರೇಕ್ಷಕನಿಗೆ ಕಾಣಬೇಕೆಂದು ಭರತನು ಹೇಳಿದನು. ಪ್ರೇಕ್ಷಕನ ಮುಖವು ಕವಿಗೆ ಕಾಣದಿದ್ದರೆ ಏನಾಗುವುದೆಂಬ ಪ್ರಶ್ನೆಯು ಅವನ ಶಾಸ್ತ್ರದಲ್ಲಿ ಏಳುವುದಿಲ್ಲ. ಆ ತಿಂಗಳುಗಳಲ್ಲಿ ರಂಗದ ಮೇಲೆ ನಿಂತವರಿಗೆ ಕಂಡದ್ದು ಸಾಲುಸಾಲಾಗಿ ಕಣ್ಣುಗಳು ಮಾತ್ರ. ಪದಗಳು ಬಟ್ಟೆಯ ಹಿಂದಿನಿಂದ, ಯಾರ ಬಾಯಿಂದ ಬಂದುವೆಂದು ತಿಳಿಯದಂತೆ, ಕೇಳಿಬರುತ್ತಿದ್ದುವು.